ಹುಡುಕಿದೆವು, ಸಿಗಲಿಲ್ಲ

ಮೂವತ್ತೊಂದು ವರ್ಷ ನಾನು ಕೌಂಟಿ ಕೋರ್ಟು ಕಟ್ಟಡದ ನೆಲ ಒರೆಸಿದೆ. ಬೆಳಿಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದೆ. ಎರಡು ಮಹಡಿ, ನಾಲ್ಕು ಕಕ್ಕಸು, ಒಂದು ಕೋರ್ಟು ಹಾಲು, ಹದಿನೇಳು ಕೋಣೆ. ಮಿಸಿಸಿಪ್ಪಿಯ ಕೆಂಪು ಮಣ್ಣು ಬೂಟಿಗೆ ಅಂಟಿಕೊಂಡು ಒಳಗೆ ಬಂದರೆ ಒಂದು ಸಲಕ್ಕೆ ಹೋಗುವುದಿಲ್ಲ. ಬಿಸಿನೀರು, ಅಮೋನಿಯಾ, ಮತ್ತೆ ಬಿಸಿನೀರು. ನನ್ನ ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ. ಮೊಣಕಾಲು ಊದಿಕೊಂಡೇ ಇರುತ್ತದೆ.

ಆ ಕಟ್ಟಡದಲ್ಲಿ ನನ್ನನ್ನು ಅರಿಯದವರು ಒಬ್ಬರೂ ಇರಲಿಲ್ಲ. ಕಾಫಿ ಚೆಲ್ಲಿದರೆ “ಲೂವೀನಿಯಾ!” ಕೈದಿ ಕಟಕಟೆಯಲ್ಲಿ ವಾಂತಿ ಮಾಡಿಕೊಂಡರೆ “ಲೂವೀನಿಯಾ!” ಕಕ್ಕಸು ಕಟ್ಟಿಕೊಂಡರೆ “ಲೂವೀನಿಯಾ ಎಲ್ಲಿ ಸತ್ಲು?” ಎರಡು ನಿಮಿಷದಲ್ಲಿ ಸಿಗುತ್ತಿದ್ದೆ.

ಅದೇ ಕಟ್ಟಡದಲ್ಲಿ ಕೂತು, ಹುಡುಕಿದೆವು, ಸಿಗಲಿಲ್ಲ ಎಂದು ಬರೆದು, ಸಹಿ ಹಾಕಿ, ನನ್ನ ಮನೆ ಮಾರಿದರು.

ಮನೆ ಕಟ್ಟಿದ್ದು ನಮ್ಮಪ್ಪ ಎಝೆಲ್ ಬ್ರಾಸ್‌ವೆಲ್. ಮರ ಕೊಯ್ಯುವ ಮಿಲ್ಲಿನಲ್ಲಿ ಮೂರು ಬೆರಳು ಕಳೆದುಕೊಂಡವನು. ಬೆರಳಿಗೆ ಕೊಟ್ಟ ಹಣದಲ್ಲಿ ಮುಕ್ಕಾಲು ಎಕರೆ ಕೊಂಡ. ಕರಿಯನಿಗೆ ಯಾರೂ ಜಾಗ ಮಾರದ ಕಾಲ ಅದು. ನೀರು ನಿಲ್ಲುವ ತಗ್ಗು ಜಾಗ, ಅದಕ್ಕೇ ಮಾರಿದರು. ಮಿಲ್ಲಿನಿಂದ ಬಿಸಾಡಿದ ಹಲಗೆಗಳನ್ನು ಭಾನುವಾರ ಚರ್ಚು ಮುಗಿಸಿಕೊಂಡು ತಲೆಯ ಮೇಲೆ ಹೊತ್ತು ತಂದ. ಏಳು ಬೆರಳಲ್ಲಿ ಮೊಳೆ ಹೊಡೆದ. ಮೂರು ಕೋಣೆ, ಒಂದು ಜಗಲಿ.

ಆ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಆರ್ಡೆಲ್ ಇದ್ದೆವು. ಆರ್ಡೆಲ್‌ಗೆ ಸಕ್ಕರೆ ಕಾಯಿಲೆ. ಐವತ್ತೆರಡಕ್ಕೆ ಕಣ್ಣು ಹೋಯಿತು, ಆಮೇಲೆ ಮೂತ್ರಪಿಂಡ. ಆದರೆ ಆ ಮನೆಯೊಳಗೆ ಅವಳು ಕುರುಡಿಯಲ್ಲ. ಕೋಲಿಲ್ಲದೆ ಓಡಾಡುತ್ತಿದ್ದಳು. ಒಲೆ ಹಚ್ಚುತ್ತಿದ್ದಳು, ಜೋಳದ ರೊಟ್ಟಿ ಸುಡುತ್ತಿದ್ದಳು. ನಾನು ಕುರ್ಚಿಯನ್ನು ಒಂದು ಗೇಣು ಸರಿಸಿಟ್ಟರೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. “ಕಣ್ಣಿರೋಳಿಗೆ ಕುರ್ಚಿ ಎಲ್ಲಿದೆ ಅಂತ ಗೊತ್ತಾಗಲ್ವಾ ಅಕ್ಕಾ?”

ಅಪ್ಪ ಸತ್ತು ಇಪ್ಪತ್ತೆರಡು ವರ್ಷ. ಉಯಿಲು ಬರೆಯಲಿಲ್ಲ. ನಮ್ಮವರಲ್ಲಿ ಯಾರು ಬರೆಯುತ್ತಾರೆ? ಕಾಗದ ಹಿಡಿದು ವಕೀಲನ ಬಳಿಗೆ ಹೋದವರು ಕಾಗದವನ್ನೂ ಜಾಗವನ್ನೂ ಕಳೆದುಕೊಂಡು ಬಂದದ್ದನ್ನು ಕಂಡವನು ಅವನು. ಖಾತೆ ಅವನ ಹೆಸರಲ್ಲೇ ಉಳಿಯಿತು. ಪ್ರತಿ ಜನವರಿ ನಾನೇ ಕೆಳಮಹಡಿಯ ಕಿಟಕಿಗೆ ಹೋಗಿ ಕಂದಾಯ ಕಟ್ಟುತ್ತಿದ್ದೆ. ಒರೆಸುವ ಕೋಲು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ನೋಟು ಎಣಿಸಿ ಕೊಟ್ಟು, ರಸೀದಿ ತೆಗೆದುಕೊಂಡು ಮತ್ತೆ ಕೋಲು ಹಿಡಿಯುತ್ತಿದ್ದೆ.

ಅರವತ್ತೈದು ತುಂಬಿದ ವರ್ಷ ಕಿಟಕಿಯಲ್ಲಿದ್ದ ಹೆಂಗಸು ಹಣ ವಾಪಸು ತಳ್ಳಿದಳು. “ಇನ್ಮೇಲೆ ನೀನು ಕಟ್ಟೋ ಹಾಗಿಲ್ಲ ಲೂವೀನಿಯಾ. ವಯಸ್ಸಾದೋರಿಗೆ ಮಾಫಿ. ಹೋಗು, ಒಂದು ಹ್ಯಾಟ್ ತಗೋ.” ನಕ್ಕಳು. ನಾನೂ ನಕ್ಕೆ. ಹ್ಯಾಟು ಕೊಳ್ಳಲಿಲ್ಲ. ಆರ್ಡೆಲ್‌ಗೆ ರಬ್ಬರ್ ತಳದ ಚಪ್ಪಲಿ ಕೊಂಡೆ.

ಆಮೇಲೆ ಯಾರೋ ಪುಸ್ತಕ ತಿರುವಿ ನೋಡಿದರಂತೆ. ಮಾಫಿ ಇರುವುದು ಬದುಕಿದವರಿಗೆ, ಖಾತೆ ಇರುವುದು ಸತ್ತವನ ಹೆಸರಲ್ಲಿ. ಮಾಫಿ ರದ್ದು. ಒಂದು ವರ್ಷದ ಕಂದಾಯ ಬಾಕಿ, ಇನ್ನೂರ ಹನ್ನೆರಡು ಡಾಲರ್. ಇದನ್ನು ನನಗೆ ಒಬ್ಬರೂ ಹೇಳಲಿಲ್ಲ. ಅದಕ್ಕೇ ಹರಾಜು.

ಹರಾಜಾದ ಮೇಲೂ ಎರಡು ವರ್ಷದ ಗಡುವು ಇರುತ್ತದೆ. ಅಷ್ಟರೊಳಗೆ ಬಾಕಿ ಕಟ್ಟಿದರೆ ಮನೆ ಉಳಿಯುತ್ತದೆ. ಗಡುವು ಮುಗಿಯುವ ಮುಂಚೆ ಮಾಲೀಕರಿಗೆ ತಿಳಿಸಬೇಕು. ಕಾನೂನು ಹಾಗಿದೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಮೊದಲು ತಿಳಿದದ್ದು ಒಬ್ಬ ಗಂಡಸಿನಿಂದ. ಸೆಪ್ಟೆಂಬರಿನ ಒಂದು ಶನಿವಾರ ಬಟ್ಟೆ ಒಣಹಾಕುತ್ತಿದ್ದೆ. ಬಿಳಿ ಪಿಕಪ್ ಗಾಡಿ ಬಂತು. ಅವನು ಇಳಿದು ನನ್ನ ಸೊಪ್ಪಿನ ಮಡಿಯಲ್ಲಿ ಗೂಟ ಹೊಡೆಯತೊಡಗಿದ. ಗೂಟಕ್ಕೆ ಕಿತ್ತಳೆ ಬಣ್ಣದ ಪಟ್ಟಿ.

“ಏನಯ್ಯಾ ಮಾಡ್ತಿದ್ದೀಯ?”

“ಅಳತೆ, ಅಮ್ಮಾ. ಹರಾಜಿನಲ್ಲಿ ಕಂಪೆನಿ ಕೊಂಡ ಜಾಗ ಇದು. ಮನೆ ಖಾಲಿ ಅಂದಿದ್ರು.”

“ನಾನು ಖಾಲಿ ಥರಾ ಕಾಣ್ತೀನಾ?”

ಅವನು ಒಣಗುತ್ತಿದ್ದ ಬಟ್ಟೆ ನೋಡಿದ. ಜಗಲಿಯಲ್ಲಿ ಕೂತ ಆರ್ಡೆಲ್‌ಳನ್ನು ನೋಡಿದ. ಟೋಪಿ ತೆಗೆದ. “ನನಗೆ ಕಾಗದ ಕೊಟ್ಟಿದ್ದು ಇಷ್ಟೇ ಅಮ್ಮಾ. ಕೋರ್ಟಿಗೆ ಹೋಗಿ ಕೇಳಿ.”

ಕೋರ್ಟಿಗೆ ಹೋಗಿ ಕೇಳಬೇಕಂತೆ. ನಾನು.

ಸೋಮವಾರ ಆರಕ್ಕೇ ಹೋದೆ. ಬಕೆಟ್ಟು ಎತ್ತಲಿಲ್ಲ. ಕೌಂಟಿಯ ದಾಖಲೆಗಳೆಲ್ಲ ಹಾಲಿಸ್ ಟಾರ್ಪ್ಲಿಯ ಕೈಯಲ್ಲಿ. ಆ ಹುದ್ದೆಗೆ ನಾಲ್ಕು ಸಲ ಚುನಾವಣೆ ಗೆದ್ದವನು, ಮೊದಲ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಿರಿಯ. ಎಂಟೂವರೆಗೆ ಬಂದ. ಅವನ ಹಿಂದೆಯೇ ಒಳಗೆ ಹೋದೆ. ಅವನು ಫೋನಿನಲ್ಲಿ ಮಾತಾಡುತ್ತಾ ಬೆರಳಿನಿಂದ ಕಸದ ಬುಟ್ಟಿ ತೋರಿಸಿದ. ನಾನು ಬುಟ್ಟಿ ಮುಟ್ಟಲಿಲ್ಲ. ಫೋನ್ ಇಟ್ಟ.

“ಏನು ಲೂವೀನಿಯಾ?”

“ನಮ್ಮ ಮನೆ ಮಾರಿದ್ದೀರಂತೆ.”

“ಯಾವ ಮನೆ?”

“ಸ್ವೀಟ್‌ಗಮ್ ರಸ್ತೆ, ನಾಲ್ಕುನೂರ ಹದಿನೆಂಟು.”

ಕಡತ ತರಿಸಿದ. ತಿರುವಿದ. “ಎಝೆಲ್ ಬ್ರಾಸ್‌ವೆಲ್. ನಿನಗೆ ಏನಾಗ್ಬೇಕು ಅವನು?”

“ನಮ್ಮಪ್ಪ.”

“ಅಯ್ಯೋ, ನನಗೆ ಹೊಳೀಲೇ ಇಲ್ಲ ನೋಡು. ಬೇಜಾರಾಯ್ತು. ಆದ್ರೆ ಗಡುವು ಆಗಸ್ಟ್‌ಗೆ ಮುಗೀತು. ನಾವು ಕಾನೂನಲ್ಲಿ ಇದ್ದಿದ್ದನ್ನೆಲ್ಲ ಮಾಡಿದೀವಿ.”

ಮೂರು ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ವಾಪಸು ಬಂದ ರಿಜಿಸ್ಟರ್ ಲಕೋಟೆ. ಅಪ್ಪನ ಹೆಸರು, ಹಳೆಯ ವಿಳಾಸ. ಎರಡನೆಯ ಅಂಚೆಮಾರ್ಗ, ಪೆಟ್ಟಿಗೆ ನೂರ ಹದಿನಾಲ್ಕು. ಆ ಮಾರ್ಗದ ಹೆಸರನ್ನೇ ತೆಗೆದು ಸ್ವೀಟ್‌ಗಮ್ ರಸ್ತೆ ಎಂದು ಬೋರ್ಡು ನೆಟ್ಟವರು ಇದೇ ಕೌಂಟಿಯವರು. ಎರಡನೆಯದು ಶೆರಿಫ್‌ನ ಪೇದೆ ರಾಯ್ಸ್ ಬರೆದದ್ದು: ‘ಸದರಿ ವ್ಯಕ್ತಿ ಕೌಂಟಿಯಲ್ಲಿ ಕಂಡುಬಂದಿಲ್ಲ.’ ಹೇಗೆ ಕಂಡಾನು? ಅಪ್ಪ ಮೌಂಟ್ ನೀಬೋ ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದ್ದಾನೆ.

ಮೂರನೆಯದು ಟಾರ್ಪ್ಲಿಯ ಪ್ರಮಾಣಪತ್ರ. ಕನ್ನಡಕ ಏರಿಸಿ ಓದಿದೆ. ‘ಸದರಿ ಮಾಲೀಕರನ್ನಾಗಲಿ ಅವರ ವಾರಸುದಾರರನ್ನಾಗಲಿ ಪತ್ತೆ ಮಾಡಲು ತಕ್ಕ ಶ್ರದ್ಧೆಯಿಂದ ಹುಡುಕಾಟ ನಡೆಸಲಾಗಿ, ಎಲ್ಲಿಯೂ ಸಿಗಲಿಲ್ಲವೆಂದು ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ.’ ಸಹಿ. ಮೊಹರು. ತಾರೀಖು ಜೂನ್ ಹನ್ನೊಂದು.

ಆ ತಾರೀಖು ನನಗೆ ಗೊತ್ತಿತ್ತು. ಮೇಲಿನ ಮಹಡಿಯ ಪೈಪು ಒಡೆದ ದಿನ. ಇದೇ ಕೋಣೆ. ಸೂರಿನಿಂದ ನೀರು ಸುರಿಯುತ್ತಿತ್ತು. ನಾನು ಮೂರು ಗಂಟೆ ಮಂಡಿಯೂರಿ ನೀರು ಬಳಿದು ಬಕೆಟ್ಟಿಗೆ ಹಿಂಡಿದೆ. ಕೆಳಗಿನ ಸಾಲಿನ ಕಂದಾಯ ಪುಸ್ತಕಗಳನ್ನು ಒಂದೊಂದಾಗಿ ಎದೆಗವಚಿಕೊಂಡು ಹೊರಗೆ ಸಾಗಿಸಿದೆ. ಒಂದೊಂದೂ ಹಿಟ್ಟಿನ ಚೀಲದಷ್ಟು ಭಾರ. ಒಂದು ಹಾಳೆಯೂ ನೆನೆಯಲಿಲ್ಲ. ಟಾರ್ಪ್ಲಿ ಒದ್ದೆಯಾಗದಂತೆ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು ಕಾಗದಗಳಿಗೆ ಸಹಿ ಹಾಕುತ್ತಿದ್ದ. ಇನ್ನೊಂದು, ಇನ್ನೊಂದು. ಅದರಲ್ಲಿ ಇದೂ ಒಂದು.

“ಯಾರನ್ನ ಕೇಳಿದ್ರಿ?” ಎಂದೆ.

“ಏನು?”

“ಹುಡುಕಿದೆ ಅಂತ ಬರೆದಿದ್ದೀರಿ. ಯಾರನ್ನ ಕೇಳಿದ್ರಿ?”

“ಲೂವೀನಿಯಾ, ದನಿ ತಗ್ಗಿಸು.”

“ನಾನು ನಿಮ್ಮ ಕಾಲ ಕೆಳಗೆ ಇದ್ದೆ ಮಿಸ್ಟರ್ ಟಾರ್ಪ್ಲಿ. ಬಗ್ಗಿ ನೋಡಿದ್ರೆ ಸಿಗ್ತಿದ್ದೆ.”

ಅವನ ಕಿವಿ ಕೆಂಪಾಯಿತು. “ನೋಡು, ಕೆಲಸದ ಹೊತ್ತಲ್ಲಿ ಇದೆಲ್ಲ ಬೇಡ. ಹೋಗು. ಹೋಗ್ತಾ ಆ ಬುಟ್ಟಿ ಖಾಲಿ ಮಾಡು.”

ಮೂವತ್ತು ವರ್ಷದ ಹಿಂದೆ ಆಗಿದ್ದರೆ ಬುಟ್ಟಿ ಎತ್ತುತ್ತಿದ್ದೆ. ಹಿಂದಿನ ಶುಕ್ರವಾರ ಆಗಿದ್ದರೂ ಎತ್ತುತ್ತಿದ್ದೆ.

“ಎತ್ತಲ್ಲ,” ಎಂದೆ. “ನಾನು ನೆಲ ಒರೆಸೋಕೆ ಬಂದಿಲ್ಲ. ಎಝೆಲ್ ಬ್ರಾಸ್‌ವೆಲ್ ಮಗಳು ಬಂದಿದ್ದೀನಿ. ನೀವು ಹುಡುಕ್ತಿದ್ರಂತಲ್ಲ? ಸಿಕ್ಕಿದ್ದೀನಿ. ಬರ್ಕೊಳ್ಳಿ.”

ಅವನು ಬರೆದುಕೊಳ್ಳಲಿಲ್ಲ. ನಾನು ಕೋಣೆ ಬಿಡಲಿಲ್ಲ. ಗುಮಾಸ್ತೆಯರು ಬಾಗಿಲಲ್ಲಿ ಗುಂಪಾದರು. ಕಡೆಗೆ ಪೇದೆ ರಾಯ್ಸ್ ಬಂದು ತೋಳು ಹಿಡಿದ. ಅವನು ಕುಡಿದು ಕಕ್ಕಿದ್ದನ್ನು ನಾನು ಎಷ್ಟು ಸಲ ಬಳಿದಿದ್ದೇನೋ ಲೆಕ್ಕವಿಲ್ಲ. “ನಡಿ ಲೂವೀನಿಯಾ, ರಗಳೆ ಬೇಡ,” ಎಂದ ಮೆಲ್ಲಗೆ, ನನ್ನ ಮುಖ ನೋಡದೆ.

ಹೊರಬಾಗಿಲ ಪಕ್ಕದಲ್ಲಿ ಗಾಜಿನ ನೋಟಿಸು ಪೆಟ್ಟಿಗೆ. ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದವಳು ನಾನೇ. ನನ್ನ ಜೊತೆ ಕೆಲಸ ಮಾಡುವ, ನಮ್ಮ ಚರ್ಚಿನವನೇ ಆದ ಓಥಾ ಗ್ಯಾಂಡಿ ಅಲ್ಲಿ ನಿಂತಿದ್ದ. ಎಪ್ಪತ್ತರ ಹತ್ತಿರ ವಯಸ್ಸು, ಕಟ್ಟಡದ ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ. ಪೆಟ್ಟಿಗೆಯ ಬೀಗ ತೆಗೆದ. ಗಡುವು ಮುಗಿಯುವ ಮನೆಗಳ ಪಟ್ಟಿ ಇನ್ನೂ ಅಲ್ಲೇ ಇತ್ತು. ನಾಲ್ಕು ಹಾಳೆ, ಒಂದರ ಮೇಲೊಂದು, ಒಂದೇ ಪಿನ್ನು. ಗಾಜಿನಿಂದ ಕಾಣುತ್ತಿದ್ದದ್ದು ಮೊದಲ ಹಾಳೆ ಮಾತ್ರ. ಅಪ್ಪನ ಹೆಸರು ಮೂರನೆಯ ಹಾಳೆಯಲ್ಲಿತ್ತು.

“ಕಾನೂನು ಪ್ರಕಾರ ಅಂಟಿಸಿದ್ದಾರೆ, ಸಿಸ್ಟರ್ ಬ್ರಾಸ್‌ವೆಲ್,” ಎಂದ ಓಥಾ. ನೆಲಕ್ಕೆ ಉಗುಳಿದ. ಆಮೇಲೆ ತಾನೇ ಬಗ್ಗಿ ಒರೆಸಿದ.

ಮಾರನೆಯ ದಿನ ನನ್ನ ಕೆಲಸ ಹೋಯಿತು. ಶಿಸ್ತು ಮೀರಿದ್ದಕ್ಕೆ.

ಬಡವರಿಗೆ ಪುಕ್ಕಟೆ ನಡೆಸುವ ವಕೀಲರ ಕಚೇರಿ ಜ್ಯಾಕ್ಸನ್ನಿನಲ್ಲಿದೆ. ಬಸ್ಸಿನಲ್ಲಿ ಮೂರು ಗಂಟೆ. ಅಲ್ಲಿ ರೆನೀಟಾ ಕೋ ಎಂಬ ಹುಡುಗಿ, ನಮ್ಮವಳೇ, ಮೂವತ್ತು ತುಂಬಿರಲಿಲ್ಲ. ನಾನು ತಂದ ಶೂ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ರಸೀದಿಗಳನ್ನು ಪಕ್ಕಕ್ಕಿಟ್ಟಳು. ಸಂಬಳದ ಚೆಕ್ಕು ಬಂದಿದ್ದ ಹಳೆಯ ಲಕೋಟೆ ಒಂದನ್ನು ಹಿಡಿದು ನಿಂತುಬಿಟ್ಟಳು.

“ಇದನ್ನ ಕಳಿಸಿದ್ದು ಯಾರು, ಮಿಸ್ ಬ್ರಾಸ್‌ವೆಲ್?”

“ಕೌಂಟಿ. ಮೇಲಿನ ಮಹಡಿ. ಸಂಬಳದ ಕಚೇರಿ.”

“ವಿಳಾಸ ಓದಿ.”

ಓದಿದೆ. ನಾಲ್ಕುನೂರ ಹದಿನೆಂಟು, ಸ್ವೀಟ್‌ಗಮ್ ರಸ್ತೆ. ಹದಿನೈದು ದಿನಕ್ಕೊಂದು ಸಲ, ವರ್ಷಗಟ್ಟಲೆ, ಮೇಲಿನ ಮಹಡಿ ನನ್ನನ್ನು ಪತ್ತೆ ಮಾಡುತ್ತಿತ್ತು. ಕೆಳಮಹಡಿಗೆ ಹದಿನೆಂಟು ಮೆಟ್ಟಿಲು ಹತ್ತಲು ಆಗಿರಲಿಲ್ಲ.

“ತಡೆಯಾಜ್ಞೆಗೆ ಈ ಗುರುವಾರ ಅರ್ಜಿ ಹಾಕ್ತೀನಿ,” ಎಂದಳು.

ಕಂಪೆನಿಯವರು ಬುಧವಾರವೇ ಬಂದರು.

ಸೋಮ, ಬುಧ, ಶುಕ್ರ ಆರ್ಡೆಲ್‌ಗೆ ಡಯಾಲಿಸಿಸ್. ಆಸ್ಪತ್ರೆಯ ವ್ಯಾನು ಕರೆದೊಯ್ದು ಕರೆತರುತ್ತದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಎರಡೂವರೆ. ಅಂದು ವ್ಯಾನು ತಿರುವು ದಾಟಿದಾಗ ಮುಂದಿನ ಸೀಟಿನಲ್ಲಿದ್ದ ನನಗೆ ಕಂಡಿತು. ಡ್ರೈವರ್ “ಜೀಸಸ್” ಎಂದ. ಹಲಗೆಗಳ ಗುಡ್ಡೆ. ಅದರಲ್ಲಿ ಒಲೆಯ ಬಾಗಿಲು, ಆರ್ಡೆಲ್‌ಳ ಹಾಸಿಗೆಯ ಸ್ಪ್ರಿಂಗು, ಅಮ್ಮನ ಹೊಲಿಗೆ ಯಂತ್ರದ ಕಾಲು. ಪಕ್ಕದಲ್ಲಿ ಹಳದಿ ಬುಲ್ಡೋಜರ್. ಅದರ ನೆರಳಲ್ಲಿ ಇಬ್ಬರು ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ನಾನು ನನ್ನ ಕಡೆಯ ಬಾಗಿಲ ಹಿಡಿಕೆ ತಡಕಿದೆ. ಅಷ್ಟರಲ್ಲಿ ಆರ್ಡೆಲ್ ತಾನೇ ಹಿಂದಿನ ಬಾಗಿಲು ಸರಿಸಿ ಇಳಿದಳು. ಡಯಾಲಿಸಿಸ್ ದಿನ ಅವಳಿಗೆ ಬೇಗ ಮಲಗಬೇಕು. ವ್ಯಾನು ನಿಲ್ಲುವ ಜಾಗದಿಂದ ಜಗಲಿಗೆ ಹದಿನಾಲ್ಕು ಹೆಜ್ಜೆ. ನಡೆದಳು. ಮೆಟ್ಟಿಲಿಗೆಂದು ಕಾಲು ಎತ್ತಿದಳು. ಕಾಲು ನೆಲಕ್ಕೇ ಬಂತು. ಇನ್ನೊಂದು ಸಲ ಎತ್ತಿದಳು.

“ಅಕ್ಕಾ, ಮೆಟ್ಟಿಲೆಲ್ಲಿ?”

ನಾನು ಓಡಿ ಹೋಗಿ ಹಿಡಿದುಕೊಂಡೆ.

“ಮೆಟ್ಟಿಲೆಲ್ಲಿ ಅಕ್ಕಾ? ಡೀಸೆಲ್ ವಾಸನೆ ಯಾಕೆ ಬರ್ತಿದೆ?”

“ಆರ್ಡೆಲ್...”

“ಯಾರಾದ್ರೂ ಸತ್ರಾ?”

ಸ್ಯಾಂಡ್‌ವಿಚ್ ತಿನ್ನುತ್ತಿದ್ದವರಲ್ಲಿ ಒಬ್ಬ ಎದ್ದು ನಿಂತ. ಕರಿಯ ಹುಡುಗ, ಗುರುತಿನವನಲ್ಲ. “ಖಾಲಿ ಮನೆ ಅಂದ್ರು ಅಮ್ಮಾ. ದೇವರಾಣೆ, ಖಾಲಿ ಅಂದ್ರು. ಒಳಗೆ ಹಂಡೆ, ಹಾಸಿಗೆ ನೋಡಿ ನಾನು ಫೋನ್ ಮಾಡಿದೆ. ಮುಂದುವರಿಸು ಅಂದ್ರು.” ಅಳುತ್ತಿದ್ದ. ಅವನಿಗೆ ಹೊಡೆಯಬೇಕೆನಿಸಿತು. ಕೈ ಎತ್ತಲು ಆರ್ಡೆಲ್ ಬಿಡಬೇಕಲ್ಲ. ನನ್ನ ತೋಳನ್ನು ಅವಳು ನೀಲಿಗಟ್ಟುವ ಹಾಗೆ ಹಿಡಿದಿದ್ದಳು.

ನಮ್ಮ ಚರ್ಚಿನವರು ವಾಸಕ್ಕೆ ಒಂದು ಹಳೆಯ ಟ್ರೇಲರ್, ಗಾಲಿಯ ಮೇಲಿನ ತಗಡಿನ ಮನೆ, ಕೊಟ್ಟರು. ಅದರಲ್ಲಿ ಆರ್ಡೆಲ್ ನಿಜಕ್ಕೂ ಕುರುಡಿಯಾದಳು. ಮೂರನೆಯ ವಾರ ಬಾಗಿಲೆಂದು ಎಲ್ಲೋ ಕಾಲಿಟ್ಟು ಬಿದ್ದು ಸೊಂಟ ಮುರಿದುಕೊಂಡಳು. ಈಗ ಸರಕಾರಿ ವೃದ್ಧಾಶ್ರಮದಲ್ಲಿದ್ದಾಳೆ. ನಡೆಯುವುದಿಲ್ಲ. ನಡೆಸಲು ಬಂದವರಿಗೆ, “ಎಲ್ಲಿಗೆ?” ಎಂದು ಕೇಳುತ್ತಾಳೆ.

ಕಂಪೆನಿಯ ವಕೀಲ ಒಂದು ದಿನ ಟ್ರೇಲರಿಗೆ ಬಂದ. ಒಳ್ಳೆಯ ಬೂಟು. ನಾಲ್ಕು ಸಾವಿರ ಡಾಲರ್ ಚೆಕ್ಕು, ಜಾಗದ ಹಕ್ಕು ಬಿಟ್ಟೆ ಎನ್ನುವ ಒಂದು ಕಾಗದ. “ಸಹಿ ಹಾಕಿಬಿಡಿ, ಎಲ್ಲರಿಗೂ ನೆಮ್ಮದಿ,” ಎಂದ. ಆ ವಾರ ನನ್ನ ಬಳಿ ಹತ್ತೊಂಬತ್ತು ಡಾಲರ್ ಇತ್ತು.

“ಯಾರಿಗೆ ಕೊಡ್ತಿದ್ದೀರಿ ಇದನ್ನ?” ಎಂದೆ.

“ನಿಮಗೆ.”

“ನಾನು ಕೌಂಟಿಯಲ್ಲೇ ಇಲ್ವಂತಲ್ಲ. ಯಾರಿಗೂ ಸಿಕ್ಕೇ ಇಲ್ವಂತಲ್ಲ. ಸಿಗದೋಳು ಸಹಿ ಹೆಂಗೆ ಹಾಕ್ತಾಳೆ?”

ಬಾಗಿಲು ಹಾಕಿದೆ. ಆಮೇಲೆ ಕಕ್ಕಿದೆ. ಧೈರ್ಯ ಎನ್ನುತ್ತಾರೆ ಜನ. ನನಗೆ ಬಂದದ್ದು ವಾಂತಿ.

ಮಾರಾಟ ರದ್ದಾಗಬೇಕೆಂದು ರೆನೀಟಾ ಹಾಕಿದ ಅರ್ಜಿಯ ವಿಚಾರಣೆ ಏಪ್ರಿಲ್‌ನಲ್ಲಿ. ನಾನೇ ಮೂವತ್ತೊಂದು ವರ್ಷ ಮೇಣ ಹಚ್ಚಿ ಉಜ್ಜಿದ ಕೋರ್ಟು ಹಾಲಿನಲ್ಲಿ. ಕಂಪೆನಿಯ ವಕೀಲ ಹೇಳಿದ್ದು ಒಂದೇ ಮಾತು: ದಾಖಲೆಯ ಪ್ರಕಾರ ಮಾಲೀಕ ಎಝೆಲ್, ಈ ಹೆಂಗಸಲ್ಲ. ಇವಳನ್ನು ಹುಡುಕುವ ಹೊಣೆ ಯಾರದೂ ಅಲ್ಲ.

ರೆನೀಟಾ ಎದ್ದಳು.

“ಮಿಸ್ಟರ್ ಟಾರ್ಪ್ಲಿ, ಹುಡುಕಾಟ ಅಂದ್ರೆ ಏನೇನು ಮಾಡಿದ್ರಿ?”

“ಫೋನ್ ಪುಸ್ತಕ ನೋಡಿದ್ವಿ.”

“ಅದರಲ್ಲಿ ಬ್ರಾಸ್‌ವೆಲ್ ಅಂತ ಎಷ್ಟು ಹೆಸರಿವೆ?”

“... ಒಂದು.”

“ಯಾರದು?”

“ಲೂವೀನಿಯಾದು.”

“ಫೋನ್ ಮಾಡಿದ್ರಾ?”

“ನಾವು ಹುಡುಕ್ತಿದ್ದದ್ದು ಎಝೆಲ್‌ನ.”

“ಜೂನ್ ಹನ್ನೊಂದನೇ ತಾರೀಖು, ನೀವು ಸಹಿ ಮಾಡುವಾಗ, ನಿಮ್ಮ ಕೋಣೆಯಲ್ಲಿ ಯಾರಿದ್ರು?”

“ನೆನಪಿಲ್ಲ.”

ಹಿಂದಿನ ಬೆಂಚುಗಳ ಕಡೆಯಿಂದ ಬೀಗದ ಕೈಗಳ ಸದ್ದು ಬಂತು. ಓಥಾ. ಕೆಲಸದ ಉಡುಪಿನಲ್ಲೇ ಇದ್ದ. ಪಿಂಚಣಿಗೆ ಎಂಟು ತಿಂಗಳು ಬಾಕಿ. ನನ್ನ ಪರವಾಗಿ ಹೇಳು ಎಂದು ನಾನು ಅವನನ್ನು ಕೇಳಿರಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ರೆನೀಟಾ ಕೇಳಿದ್ದಳು, ಅವನು ಆಗುವುದಿಲ್ಲ ಎಂದಿದ್ದ. ಈಗ ಕಟಕಟೆಗೆ ಬಂದು ಜೇಬಿನಿಂದ ಕೆಲಸದ ಪುಸ್ತಕ ತೆಗೆದು ಓದಿದ. “ಜೂನ್ ಹನ್ನೊಂದು. ಪೈಪು ಒಡೆದಿದೆ. ಟಾರ್ಪ್ಲಿಯವರ ಕೋಣೆ. ಲೂವೀನಿಯಾ ಬ್ರಾಸ್‌ವೆಲ್, ಒಂಬತ್ತರಿಂದ ಹನ್ನೆರಡು.” ಪುಸ್ತಕ ಮುಚ್ಚಿದ. “ಇವರೇ ನನಗೆ ಹೇಳಿದ್ದು ಸ್ವಾಮಿ, ಲೂವೀನಿಯಾನ ಹುಡುಕಿ ಕರ್ಕೊಂಡು ಬಾ ಅಂತ. ಹುಡುಕಿದೆ. ಸಿಕ್ಕಿದ್ಲು.”

ಕೂತವರಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ.

ನ್ಯಾಯಾಧೀಶರು ಕಾಲು ಗಂಟೆಯಲ್ಲಿ ತೀರ್ಪು ಓದಿದರು. ತಿಳಿಸದೆ ಮಾಡಿದ ಮಾರಾಟ ಅಸಿಂಧು. ಜಾಗ ವಾರಸುದಾರರಿಗೆ ವಾಪಸು. ಬಾಕಿ ಕಂದಾಯ ಬಡ್ಡಿಸಮೇತ ಕಟ್ಟತಕ್ಕದ್ದು.

“ಮನೆ?” ಎಂದು ನಾನೇ ಎದ್ದು ಕೇಳಿದೆ.

“ಅದಕ್ಕೆ ಬೇರೆ ದಾವೆ ಹೂಡಬೇಕು, ಮಿಸ್ ಬ್ರಾಸ್‌ವೆಲ್.”

ಹೂಡಿದೆವು. ಅಷ್ಟರಲ್ಲಿ ಅದರ ಮಾಲೀಕರು ಆ ಕಂಪೆನಿಯನ್ನೇ ಮುಚ್ಚಿಬಿಟ್ಟಿದ್ದರು. ಬೇರೆ ರಾಜ್ಯದಲ್ಲಿ ಒಂದು ಅಂಚೆ ಪೆಟ್ಟಿಗೆ ಇತ್ತಂತೆ. ಅದೂ ಖಾಲಿ. ಟಾರ್ಪ್ಲಿ ಐದನೆಯ ಸಲ ಗೆದ್ದ. ಓಥಾನನ್ನು ಪಿಂಚಣಿಗೆ ಎರಡು ತಿಂಗಳಿರುವಾಗ ತೆಗೆದುಹಾಕಿದರು.

ನನಗೆ ಮುಕ್ಕಾಲು ಎಕರೆ ತಗ್ಗು ಜಾಗ ಸಿಕ್ಕಿತು. ಅದರಲ್ಲಿ ನೀರು ನಿಲ್ಲುತ್ತದೆ.

ಮುಂದಿನ ವರ್ಷ ಆಗಸ್ಟ್ ಒಂದನೇ ತಾರೀಖು ನಾನು ಕೋರ್ಟು ಕಟ್ಟಡಕ್ಕೆ ಮುಂಬಾಗಿಲಿನಿಂದ ಹೋದೆ. ಚರ್ಚಿನ ಉಡುಪು ಹಾಕಿಕೊಂಡು. ಗಡುವಿನ ಪಟ್ಟಿ ಪೂರ್ತಿ ಬೇಕೆಂದೆ. ಗುಮಾಸ್ತೆ ಟಾರ್ಪ್ಲಿಯ ಕೋಣೆಯ ಕಡೆ ನೋಡಿದಳು. “ಹಾಳೆಗೆ ಐವತ್ತು ಸೆಂಟ್,” ಎಂದಳು. ಐದು ಹಾಳೆ. ಅರವತ್ಮೂರು ಹೆಸರು.

ಆ ಹೆಸರಿನವರನ್ನು ಹುಡುಕಿಕೊಂಡು ಓಥಾನ ಹಳೆಯ ಪಿಕಪ್ಪಿನಲ್ಲಿ ಹೊರಟೆವು. ಪೆಟ್ರೋಲ್ ಅಂಗಡಿಯಲ್ಲಿ ಕೇಳಿದೆವು, ಕ್ಷೌರದಂಗಡಿಯಲ್ಲಿ ಕೇಳಿದೆವು, ಮೀನು ಹಿಡಿಯುವವರನ್ನು ಕೇಳಿದೆವು. ಕೇಳಿದರೆ ಜನ ಹೇಳುತ್ತಾರೆ. ಎರಡು ವಾರದಲ್ಲಿ ನಲವತ್ತೊಂದು ಬಾಗಿಲು ತಟ್ಟಿದೆವು. ಕೆಲವರು ಬೈದರು. ಒಬ್ಬಳು ನಮ್ಮನ್ನು ಸಾಲ ವಸೂಲಿಯವರೆಂದು ತಿಳಿದು ಹಿಂಬಾಗಿಲಿನಿಂದ ಓಡಿದಳು. ಓಥಾ ಅವಳ ಹಿಂದೆ ಹತ್ತಿಯ ಹೊಲದಲ್ಲಿ ಕೂಗುತ್ತಾ ಹೋದ.

ನಲವತ್ತೆರಡನೆಯದು ನದಿಯಂಚಿನ ಒಂದು ಗುಡಿಸಲು. ಪಟ್ಟಿಯಲ್ಲಿದ್ದ ಹೆಸರು ಮಿಸೆಸ್ ಓಪಲ್ ಸ್ಟ್ರಿಂಗರ್. ಜಾಲರಿ ಬಾಗಿಲ ಹಿಂದೆ ಒಬ್ಬ ಬಿಳಿಯ ಮುದುಕ ನಿಂತಿದ್ದ. ಮೂಗಿನಲ್ಲಿ ಆಮ್ಲಜನಕದ ನಳಿಕೆ, ಕಾಲ ಬಳಿ ನಾಯಿ.

“ಏನೇ, ಏನು ಮಾರೋಕೆ ಬಂದೆ? ನಾಯಿ ಬಿಡ್ತೀನಿ ನೋಡು.”

ಹೋಗಿಬಿಡೋಣ ಎಂದುಕೊಂಡೆ. ನನ್ನ ಮನೆ ಬಿದ್ದಾಗ ಇವನಂಥವರು ಯಾರು ಬಂದಿದ್ದರು? ಮೊಣಕಾಲು ಉರಿಯುತ್ತಿತ್ತು. ಓಥಾ ಗಾಡಿಯಲ್ಲೇ ಇದ್ದ, ಇಳಿಯುವ ಮನಸ್ಸು ಅವನಿಗೂ ಇದ್ದಂತೆ ಕಾಣಲಿಲ್ಲ.

“ನಾನು ಮಾರೋಕೆ ಬಂದಿಲ್ಲ,” ಎಂದೆ. “ನಿಮ್ಮ ಮನೆ ಮಾರ್ತಿದ್ದಾರೆ. ಓಪಲ್ ಸ್ಟ್ರಿಂಗರ್ ಯಾರು?”

“ನಮ್ಮಮ್ಮ. ಸತ್ತು ಇಪ್ಪತ್ತು ವರ್ಷ ಆಯ್ತು.”

“ಅವರ ಹೆಸರಿಗೆ ಕಾಗದ ಕಳಿಸಿದ್ದಾರೆ.”

ಹಾಳೆಯನ್ನು ಜಾಲರಿಗೆ ಒತ್ತಿ ಹಿಡಿದೆ. ಅವನು ಮೂಗು ತಾಗುವಷ್ಟು ಹತ್ತಿರ ಬಂದು ಓದಿದ. ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಎರಡು ಸಲ ಓದಿದ. ಆಮೇಲೆ ನನ್ನನ್ನು ನೋಡಿದ.

“ನಿನ್ನನ್ನ... ನಿಮ್ಮನ್ನ ಕೌಂಟಿಯವರು ಕಳಿಸಿದ್ರಾ?”

“ಇಲ್ಲ.”

“ಮತ್ತೆ?”

“ಬಾಕಿ ಕಟ್ಟೋ ಗಡುವು ನಾಳಿದ್ದು ಐದು ಗಂಟೆಗೆ ಮುಗಿಯುತ್ತೆ. ಕಚೇರಿ ಇವತ್ತು ತೆಗೆದಿದೆ. ಬೂಟು ಹಾಕ್ಕೊಳ್ಳಿ.”

ಅವನು ಚಿಲಕ ತೆಗೆದು ನಾಯಿಯನ್ನು ಒಳಗೆ ತಳ್ಳಿದ. ಬೂಟಿನ ದಾರ ಕಟ್ಟಲು ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ನಾನು ಬಗ್ಗಲಿಲ್ಲ. ನಿಂತು ಕಾದೆ. ಕಟ್ಟಿಕೊಂಡು ಬಂದ.